ಕೂಡಿಕಿ

ಬೆಟಗೇರಿ ಬ್ಯಾಂಡಿನ ಫಕ್ಕೀರೇಶ, ಕ್ಲಾರಿನೆಟ್ ಊದಾಂವ,
ಕೈಗಾಡಿ ಮ್ಯಾಲ ಹಾಕ್ಕೊಂಡು ಬಂದ
ಒಂದು ಡ್ಯೂಕಿನ ಮುಂದಿನ ಅರ್ಧ.
ಲಾರಿ ಹಿಂದಿನಿಂದ ಗುದ್ದಿದ ಗಾಡಿಯಂತ.
ಹಿಂದೆಲ್ಲಾ ಮುದ್ದಿ, ಮುಂದ ಒಂದು ಗೀರಿಲ್ಲ.
ಕಿತ್ತಳಿ ಬಣ್ಣದ ಗಾಲಿ, ತಲಿಕೆಳಗಾದ ಫೋರ್ಕು,
ರೊಟ್ಟಿ ಹಂಚಿನಷ್ಟು ಅಗಲ ಡಿಸ್ಕು.
ಮನ್ಯಾಗಿದ್ದದ್ದು ಎಂಬತ್ನಾಲ್ಕನೇ ಇಸವಿ ಯೆಜ್ಡಿ,
ತೂಕದ ಲೆಕ್ಕದಾಗ ಕೊಂಡದ್ದು,
ಕಿಕ್ಕಿಗೂ ಗೇರಿಗೂ ಒಂದ ಕಡ್ಡಿ.
“ಈ ರುಂಡ ಆ ಮುಂಡಕ್ಕ ಕೂಡಸು ಅಣ್ಣಾ.”

“ಆಗೂದಿಲ್ಲಪಾ” ಅಂದ್ನಿ.
ವರ್ನಿಯರ್ ಆಗಲೇ ಕೈಗೆ ಬಂದಿತ್ತು.
ಯೆಜ್ಡಿ ಕುತಗಿ ಉದ್ದ, ಡ್ಯೂಕಿನ ಗೂಟ ಗಿಡ್ಡ,
ಹನ್ನೊಂದು ಮಿಲಿ, ಅಂದ್ರ ಒಂದು ಉಗರಿನ ಅಗಲ.
ಎಪ್ಪತ್ತರ ಸ್ಪೀಡಿನ್ಯಾಗ
ಹಲ್ಲು ಉದುರಿಸಲಿಕ್ಕೆ ಅಷ್ಟ ಸಾಕು.
ಕುತಗಿ ಬಿಚ್ಚಿದ್ರ ಬಿಡಿ ಗುಂಡು ತಾಟಿನ್ಯಾಗ ಉದುರಿದ್ವು,
ಗ್ರೀಸು ಒಣಗಿ ಹಳೇ ಬೆಲ್ಲ.

ಟ್ರ್ಯಾಕ್ಟರಿನ ಮುರದ ಎಕ್ಸಲ್ಲೊಂದು ಮೂಲ್ಯಾಗಿತ್ತು.
ಲೇಥಿಗೆ ಕಟ್ಟಿದ್ನಿ.
ನೀಲಿ ಸುರುಳಿ ಬಿಚ್ಚಿಕೋತ ಬಂದು ಚಪ್ಪಲಿಗೆ ತೊಡಕಿದ್ವು.

ಈ ಲೇಥು ದ್ಯಾಮಣ್ಣ ಕಾಕಾಂದು.
ಕಾಕಾ ಅಂದ್ರ ಅಪ್ಪನ ತಮ್ಮ ಅಲ್ಲ,
ನಮ್ಮವ್ವ ಹೊಳೆವ್ವನ್ನ ಕೂಡಿಕಿ ಮಾಡಿಕೊಂಡಾಂವ,
ಅವ್ವಗಿಂತ ಆರು ವರ್ಷ ಸಣ್ಣಾಂವ.
ಟೆಂಪೋದಾಗ ಅವ್ವ ಮುಂದ, ಡ್ರೈವರ್ ಬಾಜೂ.
ನಾ ಹಿಂದ, ಟ್ರಂಕು ಬೀಸೂಕಲ್ಲಿನ ಜೋಡಿ,
ಒಂಬತ್ತು ವರ್ಷದಾಂವ.
ಓಣಿ ಮಂದಿ ಬಂದ್ರು, ಚಾ ಕುಡದ್ರು,
ಯಾವದೂ ಯಾವದಕ್ಕೂ ಹೊಂದೂದಿಲ್ಲಂತ ಹೇಳಿ ಹೋದ್ರು.

ಬಿಗಿ ಕೂಡಸಲಿಕ್ಕೆ ಕಾಕಾನ ಒಂದು ಪದ್ಧತಿ:
ತೂತಿಗಿಂತ ಗೂಟ ಕೂದಲೆಳಿ ದಪ್ಪ ಇರಲಿ.
ಬಡೀಬ್ಯಾಡ.
ಒಂದನ್ನ ಕಾಸು, ಒಂದನ್ನ ತಣಸು.
ತಾವ ಹೋಗಿ ಕೂಡತಾವ.
ಆಮ್ಯಾಲ ಎರಡೂ ತಮ್ಮ ತಮ್ಮ ಬಿಸಿಗೆ ತಿರಗತಾವಲ್ಲ,
ಆವಾಗ ಬೀಳತೈತಿ ಹಿಡಿತ.

ಗೂಟ ರಾತ್ರಿಯೆಲ್ಲಾ ಕುಲ್ಫಿ ಅಂಗಡಿ ಫ್ರೀಜರಿನ್ಯಾಗ
ಪಿಸ್ತಾದ ಬಾಜೂ ಮಲಗಿತ್ತು.
ಮುಂಜಾನೆ ಕ್ಲ್ಯಾಂಪು ಸ್ಟೋವಿನ ಮ್ಯಾಲ.
ನೀರು ಚಿಮುಕಿಸಿದ್ರ ಹನಿ ಗುಂಡಾಗಿ ಓಡ್ಯಾಡಿತು.
ಫಕ್ಕೀರೇಶ ಟವೆಲಿನ್ಯಾಗ ಸುತ್ತಿ ತಂದ,
ಹಸಿಗೂಸು ತಂದಂಗ, ಓಡಿಕೋತ.
ಇಟ್ನಿ.
ಟಕ್.
ಸುತ್ತಿಗಿ ಇದ್ದಲ್ಲೇ ಇತ್ತು.

ಕಾಕಾ ಅನ್ನೂದು ನಾ ಕಡೀತನಾ ಬಿಡಲಿಲ್ಲ.
ಅಂವನೂ ಕೇಳಲಿಲ್ಲ.
ಮೈಕ್ರೋಮೀಟರು ಕೊಟ್ಟ ದಿನ
ಡಬ್ಬಿ ಮ್ಯಾಲಿನ ತನ್ನ ಹೆಸರು ಕೆರದು
ನನ್ನ ಹೆಸರು ಬರದಿದ್ದ, ಕಾಗುಣಿತ ತಪ್ಪಿ.

ಉಳದದ್ದು ಸಣ್ಣ ಪುಟ್ಟ ಜಗಳ.
ಹ್ಯಾಂಡಲ್ ಟಾಕಿಗೆ ಬಡೀತಿತ್ತು, ಅಡ್ಡ ಒಂದು ಗುಬ್ಬಿ ವೆಲ್ಡ್ ಮಾಡಿದ್ನಿ.
ಮೂತಿ ಒಂದೂವರಿ ಇಂಚು ಬಗ್ಗಿ
ನೆಲ ಮೂಸೂ ಹೋರಿಯಂಗ ನಿಂತಿತ್ತು.
ಮೀಟರಿನ ಕೇಬಲ್ಲಿಗೆ ಈ ಗಾಲ್ಯಾಗ ಜಾಗಾನ ಇಲ್ಲ,
ಸುತ್ತಿ ಕಟ್ಟಿದ್ವಿ.
ಆರ್‌ಸಿ ಬುಕ್ಕಿನ ನಂಬರು ಕುತಗೀ ಮ್ಯಾಲ ಹೊಡದದ್ದು ಹಂಗ ಐತಿ,
ಅದರ ಮ್ಯಾಲ ಬಣ್ಣಾನೂ ಹಚ್ಚಲಿಲ್ಲ.

ಮುಳಗುಂದ ರಸ್ತೆ, ಇಳಿಹೊತ್ತು.
ಕಪ್ಪತಗುಡ್ಡದ ಕಡೆ ಗಾಳಿಪಂಕಾ ಒಂದು ತಿರಗತಿತ್ತು, ಒಂದು ನಿಂತಿತ್ತು.
ನಾನ ಮದಲ ಹತ್ತಿದ್ನಿ,
ಮುರದ್ರ ನನ್ನ ಹಲ್ಲು ಮುರೀಲಿ.
ಮೂರನೇ ಗೇರಿಗೆ ಕುರಿ ಹಿಂಡು ಅಡ್ಡ.
ಎರಡ ಬೆರಳಿಲೆ ಬ್ರೇಕ್ ಹಿಡದ್ನಿ.
ಮುಂದಿನ ಗಾಲಿ ಅಲ್ಲೇ ನಿಂತುಬಿಡ್ತು.
ಹಿಂದಿನದಕ್ಕ ಸುದ್ದಿ ಮುಟ್ಟಲಿಕ್ಕೆ ಹೊತ್ತು ಹಿಡೀತು,
ಗೇಣು ಮ್ಯಾಲೆದ್ದು, ಎಲ್ಲಿ ಇಳೀಬೇಕಂತ ತಿಳೀದ
ಬೀಸೂಕಲ್ಲಿನ ಬಾಜೂ ಕುಂತ ಹುಡುಗನಂಗ ಜೋಲಿ ಹೊಡದು
ಧಪ್ಪಂತ ನೆಲಕ್ಕ ಬಂತು.
ಕುರಿ ಕಾಯೂ ಹುಡುಗ ಬಿದ್ದು ಬಿದ್ದು ನಕ್ಕ.

ತಿರುಗಿ ಬಂದ್ನಿ.
“ಎಷ್ಟರಾಗ ಹೊಡದಿ ಅಣ್ಣಾ?”
ಮೀಟರ್ ತೋರಿಸಿದ್ನಿ. ಮುಳ್ಳು ಸೊನ್ನಿ ಮ್ಯಾಲ ಕುಂತಿತ್ತು.
“ಹತ್ತರ ಪಾನಾ ತಾ,” ಅಂದ್ನಿ,
“ಹಿಂದಿನ ಬ್ರೇಕ್ ಒಂದೆರಡು ಸುತ್ತು ಬಿಗಿ ಮಾಡೂನು.
ಅದಕ್ಕೂ ಗೊತ್ತಾಗಲಿ.”