ಬಾಗಿಲು ಬೀಗ

ಅರಮನೆಯಿಂದ ಶುರು ಮಾಡೋಣ ಅಂದೆ.
ಅರಮನೆ ಎಲ್ಲಿಗೂ ಹೋಗಲ್ಲ ಮಾರಾಯ್ರೆ,
ಮೊದಲು ಕಾಫಿ, ಅಂದರು ಗಣೋಜಿರಾವ್.
ನನ್ನ ಚೀಟಿಯಲ್ಲಿ ಐದು ಸ್ಥಳ,
ಆರೂವರೆಗೆ ಕಡೂರಿನ ಬಸ್ಸು.
ಅವರ ಕೈಯಲ್ಲಿ ಟಾರ್ಚು,
ಫಾಲ್ಗುಣದ ಬಿಸಿಲು ನೆತ್ತಿ ಸುಡುವಾಗ.

ಮೂವತ್ತೊಂದು ವರ್ಷ ಕರೆಂಟಿನ ಮೀಟರು ಓದಿದವರು.
ಪ್ರತಿ ಮನೆಯನ್ನೂ ಒಳಗಿನಿಂದ ಬಲ್ಲರು:
ಮೆಟ್ಟಿಲ ಕೆಳಗೆ, ಅಕ್ಕಿ ಡಬ್ಬದ ಮೇಲೆ,
ದೇವರ ಪಟದ ಪಕ್ಕ
ಗಾಜಿನೊಳಗೆ ಮೆಲ್ಲಗೆ ಸುತ್ತುವ ತಟ್ಟೆ.

ಗಾಂಧಿ ಬಜಾರಿನಲ್ಲಿ
ಬೆಳ್ಳುಳ್ಳಿ ಮೂಟೆ ದಾಟಿ, ಸೇವಂತಿಗೆ ಕುಕ್ಕೆ ದಾಟಿ
ಕತ್ತೆತ್ತಿ ಒಂದು ಮಹಡಿ ತೋರಿಸಿದರು:
ಈ ಮನೆ ಹುಡುಗ ಮೂರು ಸಲ ಎಸ್ಸೆಸ್ಸೆಲ್ಸಿ ಕಟ್ಟಿದ,
ಮೂರು ಮಾರ್ಚಿಗೂ ಹನ್ನೆರಡು ಯೂನಿಟ್ಟು ಜಾಸ್ತಿ.
ನಾಲ್ಕನೇ ಮಾರ್ಚಿಗೆ ಮಾಮೂಲು.
ಪಾಸಾದನೋ, ಬಿಟ್ಟನೋ,
ಮೀಟರು ಅಷ್ಟೆಲ್ಲ ಹೇಳಲ್ಲ.

ಅಗೋ ಅಲ್ಲಿ, ಅಣ್ಣತಮ್ಮ ಪಾಲಾದರು.
ಒಂದು ಮೀಟರು ಎರಡಾಯಿತು ಮೊದಲು,
ಗೋಡೆ ಎದ್ದದ್ದು ಆಮೇಲೆ.

ಯಾವ ಇಸವಿ? ಕೇಳಿದೆ, ಪೆನ್ನು ತೆಗೆದು.
ಕರಿ ಡಬ್ಬಿ ಮೀಟರಿನ ಕಾಲ, ಬರ್ಕೊಳ್ಳಿ.

ಕೋಟೆ ರಸ್ತೆಗೆ ಬರುವಷ್ಟರಲ್ಲಿ ನನ್ನ ಚಪ್ಪಲಿ ಕಡಿಯುತ್ತಿತ್ತು.
ಅರಮನೆಯ ಮರದ ಕಂಬ ತಣ್ಣಗಿತ್ತು.
ಊರೂರಿಂದ ತಂದು ನಿಲ್ಲಿಸಿದ ಕಲ್ಲುಗಳು
ಆಸ್ಪತ್ರೆಯ ಸರದಿಯಂತೆ ಕಾಯುತ್ತಿದ್ದವು.
ದನ ಬಿಡಿಸಲು ಹೋಗಿ ಸತ್ತವನೊಬ್ಬ,
ಮೂಗು ಸವೆದ ಬಸವ, ಹೆಸರು ಸವೆದ ದಾನಿ.
ಅಕ್ಷರ ಕಾಣದು ಅಂದೆ.
ಆಗ ಟಾರ್ಚು ಹೊತ್ತಿಸಿದರು.
ನೇರ ಬೆಳಕಿಗೆ ಕಲ್ಲು ಬಾಯಿ ಬಿಡಲ್ಲ,
ಓರೆ ಹಿಡೀಬೇಕು.
ಬೆಳಕು ಕಲ್ಲಿನ ಕೆನ್ನೆ ಸವರಿತು,
ಎಲ್ಲಿಂದಲೋ ಎದ್ದು ಬಂದವು ದುಂಡನೆಯ ಸಾಲು,
ಮೇಲೆ ಸೂರ್ಯ, ಚಂದ್ರ.

ಇವೆರಡು ಇರೋತನಕ ಕೊಟ್ಟದ್ದು ನಡೀಬೇಕು, ಅಂದರು.
ಕಸಿದವನು ಅರವತ್ತು ಸಾವಿರ ವರ್ಷ
ಹುಳವಾಗಿ ಹುಟ್ಟುತ್ತಾನೆ.
ಸ್ವಲ್ಪ ತಡೆದು:
ನಾನೂ ಒಂದು ಬರೆಸಿದ್ದೆ.

ಹಿಂದಿನ ಓಣಿ. ಕೈ ಚಾಚಿದರೆ ಎರಡೂ ಗೋಡೆ.
ಸುಣ್ಣ ಉದುರಿದ ಬಾಗಿಲ ಮುಂದೆ ನಿಂತರು.
ಹೆಂಗಸಿನ ಹೆಸರು ಹೇಳಲಿಲ್ಲ,
ಆರ್.ಆರ್. ನಂಬರು ಹೇಳಿದರು,
ತಡವರಿಸದೆ, ಐದೂ ಅಂಕಿ.
ರಾತ್ರಿಯಿಡೀ ಊದುಬತ್ತಿ ಹೊಸೆಯೋಳು,
ನಲವತ್ತು ಕ್ಯಾಂಡಲಿನ ಬಲ್ಬಿನಡಿ.
ಬಿಲ್ಲು ಕಟ್ಟಲಾರಳು,
ಕಟ್ಟದಿದ್ದರೆ ತಂತಿ ಕತ್ತರಿಸಬೇಕು, ಅದು ನನ್ನದೇ ವರದಿ.
ಆ ತಿಂಗಳು ಪುಸ್ತಕದಲ್ಲಿ ಬರೆದೆ: ಬಾಗಿಲು ಬೀಗ.
ಒಳಗೆ ದೀಪ ಉರೀತಿತ್ತು,
ಅವಳು ನೀರು ಕುಡೀತೀರಾ ಅಂತ ಕೇಳ್ತಿದ್ದಳು,
ನಾನು ಹೊಸ್ತಿಲಲ್ಲಿ ನಿಂತು ಬರೆದೆ:
ಬಾಗಿಲು ಬೀಗ.

ಎಷ್ಟು ತಿಂಗಳು?

ಹದಿನಾಲ್ಕು.
ಅವಳು ಹೋದ ಮೇಲೆ ನಿಜವಾಗಿ ಬೀಗ ಬಿತ್ತು.
ಆಗ ಬಂದು ನೋಡಿದೆ, ತಟ್ಟೆ ನಿಂತಿತ್ತು,
ಅಂಕಿ ಮಾತ್ರ ಇತ್ತಲ್ಲ, ಅಷ್ಟೂ ತಿಂಗಳಿದ್ದು,
ಒಟ್ಟಿಗೆ.

ಅದನ್ನು ಯಾರು ಕಟ್ಟಿದರು?
ಬಗ್ಗಿ ಚಪ್ಪಲಿಯ ಕಲ್ಲು ಕೊಡವಿದರು.
ಕಲ್ಲಿತ್ತೋ ಇಲ್ಲವೋ.
ಹೋಗ್ಲಿ ಬಿಡಿ. ಬಸ್ಸು ಆರೂವರೆಗಲ್ವಾ?
ಬಾಗಿಲ ಚೌಕಟ್ಟಿಗೆ ಟಾರ್ಚು ಓರೆ ಹಿಡಿದರು:
ನಾಲ್ಕು ಸ್ಕ್ರೂ ತೂತು,
ನಡುವೆ ಒಂದು ಚೌಕ, ಸುತ್ತಲ ಗೋಡೆಗಿಂತ ಬಿಳಿ.

ಚೀಟಿಯಲ್ಲಿ ನಾಲ್ಕು ಸ್ಥಳ ಹಾಗೇ ಉಳಿದವು.
ಸೇತುವೆಯ ಮೇಲೆ ಬಸ್ಸು ನಿಧಾನವಾಯಿತು,
ಕೆಳಗೆ ತುಂಗೆ, ಬಂಡೆಗಳ ನಡುವೆ ತೆಳ್ಳಗೆ.
ಹಿಂದೆ ಊರಿನ ದೀಪ ಒಂದೊಂದೇ ಹತ್ತಿಕೊಂಡವು.
ಎಣಿಸತೊಡಗಿದೆ.
ಕಂಡಕ್ಟರು ಚಿಲ್ಲರೆ ಕೇಳಿದ, ಲೆಕ್ಕ ತಪ್ಪಿತು.