ಇಳಿತದ ದಿನಗಳ ಹಾಜರಿ

ಎಂಟೂಕಾಲಿಗೆ ಗೇಟಿಗೆ ಬೀಗ.
ಹನ್ನೊಂದು ವರ್ಷ ಅದನ್ನು ಹಾಕಿದ್ದು ಇದೇ ಕೈ.
ಬೀಗದ ಕೀಲಿಗೆ ಕೋಟಿನ ಜೇಬು ಎರಡು ಸಲ ಹರಿಯಿತು,
ಎರಡು ಸಲವೂ ಹೊಲಿಸಿದೆ.

ಚಿಲೋಯೆಯ ಒಂದು ಪುಟ್ಟ ನಡುಗಡ್ಡೆ.
ಮೀನಿನ ಹುರುಪೆಯಂತೆ ಮರದ ಚಕ್ಕೆ ಹೊದ್ದ ಗೋಡೆ,
ಮೂವತ್ತೆಂಟು ಮಕ್ಕಳು, ಒಂದು ಸೌದೆ ಒಲೆ,
ಮತ್ತೆ ನಾನು, ಓಟೀಲಿಯಾ ಗೆಂತೇಯೊ,
ಮುಖ್ಯೋಪಾಧ್ಯಾಯಿನಿ.

ಹಾಜರಿ ಪುಸ್ತಕದಲ್ಲಿ ತೂತುಗಳು, ನುಸಿ ತಿಂದ ಕಂಬಳಿಯ ಹಾಗೆ.
ಸ್ಟಾಫ್ ರೂಮಿನಲ್ಲಿ ಕಾರಣಗಳಿಗೇನೂ ಬರವಿರಲಿಲ್ಲ.
ಮೈಗಳ್ಳರು, ಅಂದರು ಗಣಿತದ ಎಲಿಸೆಯೊ.
ತಾಯಂದಿರಿಗೆ ಓದಿನ ಬೆಲೆ ಗೊತ್ತಿಲ್ಲ, ಅಂದೆ ನಾನು,
ಹೆಬ್ಬೆಟ್ಟು ಒತ್ತಿ ನನ್ನನ್ನು ಶಾಲೆಗೆ ಸೇರಿಸಿದವಳ ಮಗಳು.
ಸಣ್ಣ ತರಗತಿಯ ಯಾಸ್ನಾ, ಹೊಸಬಳು,
ಇನ್ನೂ ನಮಗೆ ಹೆದರುತ್ತಿದ್ದವಳು,
ಲೋಟದೊಳಗೆ ನೋಡುತ್ತಾ ಕೇಳಿದಳು:
ಯಾವ ದಿನ?
ಯಾವ ದಿನ ಬರೋದಿಲ್ಲ ಅವರು?

ಯಾರಿಗೂ ಗೊತ್ತಿರಲಿಲ್ಲ.
ಹನ್ನೊಂದು ವರ್ಷದ ಪುಸ್ತಕಗಳು ಬೀರುವಿನಲ್ಲಿದ್ದವು.

ಚೌಕಗೆರೆಯ ನೋಟ್‌ಬುಕ್ ತಂದೆ.
ಬೆಳಿಗ್ಗೆ ಏಳಕ್ಕೆ ದೋಣಿಕಟ್ಟೆಯ ಮೇಲೆ ನಿಂತೆ.
ಮೊದಲ ವಾರ ಜನ ನಕ್ಕರು, ಎರಡನೆಯ ವಾರ ನಮಸ್ಕಾರ ಹೇಳಿದರು,
ಆಮೇಲೆ ಮರೆತರು. ನೋಡಲು ಸಿಕ್ಕಿದ್ದು ಆಮೇಲೆಯೇ.

*ಮಂಗಳವಾರ. ಕಟ್ಟೆಗೆ ಇಪ್ಪತ್ತು ಮಾರು ಮೊದಲೇ ದೋಣಿ ಕೆಸರಿಗೆ ಕೂತಿತು.
ಆರು ಮಕ್ಕಳು ಬೂಟು ಕೈಯಲ್ಲಿ ಹಿಡಿದು ನಡೆದರು.*

*ಬುಧವಾರ. ಮಿಲೆಂಕಾ, ಐದನೆಯ ತರಗತಿ,
ಮೊಣಕಾಲ ತನಕ ಕಪ್ಪು ಕೆಸರು. ಚಿಪ್ಪಿನ ಬಕೀಟನ್ನು ತಾಯಿಗೆ ದಾಟಿಸಿ
ತಿರುವಿನ ತನಕ ಓಡಿದಳು. ಗೇಟು ನೋಡಿದಳು.
ಹಿಂತಿರುಗಿದಳು.*

ಆ ಬೆಳಿಗ್ಗೆ ಬೀಗ ಹಾಕಿದ್ದು ಎಲಿಸೆಯೊ,
ನನ್ನ ಅಪ್ಪಣೆಯಂತೆ, ನನಗಿಂತ ಬಿಗಿಯಾಗಿ.
ಅದನ್ನೂ ಬರೆದೆ. ಬರೆಯುವುದಕ್ಕೆ ಹೊತ್ತು ಹಿಡಿಯಿತು.

ಆರು ವಾರದ ಚುಕ್ಕೆಗಳನ್ನು ಅಡುಗೆ ಮನೆಯ ಮೇಜಿನ ಮೇಲೆ ಹರಡಿ
ನಾವು ಮೂವರು ತಲೆ ಕೆರೆದುಕೊಳ್ಳುವಾಗ
ಫ್ರೆಸಿಯಾ ಸೌಟು ಹಿಡಿದೇ ಇಣುಕಿದಳು.
ಇದು ಹಾಜರಿಯಲ್ಲ ಮೇಡಂ, ಪಂಚಾಂಗ.
ಹುಣ್ಣಿಮೆ ಇಲ್ಲಿ, ಅಮಾವಾಸ್ಯೆ ಇಲ್ಲಿ.
ಆ ಮೂರು ನಾಲ್ಕು ದಿನ ಬೆಳಿಗ್ಗೆ ಏಳಕ್ಕೆ
ಸಮುದ್ರ ಮನೆ ಬಿಟ್ಟು ಹೋಗ್ತದೆ,
ನಾವು ಒಳಹೊಕ್ಕು ಗುಡಿಸಿಕೊಂಡು ಬರ್ತೀವಿ.

ನನ್ನ ಹೆಬ್ಬೆರಳಲ್ಲೂ ಚಿಪ್ಪು ಕೊಯ್ದ ಗೆರೆಯಿದೆ.
ನನಗೇ ಗೊತ್ತಿತ್ತು ಇದು.
ಮರೆತದ್ದಕ್ಕೆ ಸಂಬಳ ಬರುತ್ತಿತ್ತು.

ಒಂದು ಅವಧಿಗೆ ಮಾತ್ರ ಅಂದುಕೊಂಡೆವು:
ದೊಡ್ಡ ಇಳಿತದ ದಿನ ಗಂಟೆ ಒಂಬತ್ತೂವರೆಗೆ,
ಗೇಟಿಗೆ ಬೀಗವಿಲ್ಲ.
ಆ ದಿನಗಳಲ್ಲಿ ಬಾರದವರು ಹದಿಮೂರಿಂದ ನಾಲ್ಕಕ್ಕಿಳಿದರು.
ತಡವಾದವರ ಕಲಮು ಮಾತ್ರ ಉಕ್ಕಿ ಹರಿಯಿತು.
ಗಣಿತವನ್ನು ಊಟದ ನಂತರಕ್ಕೆ ದೂಡಿದೆವು; ಅದು ಕೆಟ್ಟಿತು.
*ಭಿನ್ನರಾಶಿ. ಐವರು ನಿದ್ದೆ. ನಾನೂ ಆಕಳಿಸಿದೆ.*
ಈ ಸಾಲು ನನ್ನದಲ್ಲ, ಎಲಿಸೆಯೊರ ಕೈಬರಹ.
ನೋಟ್‌ಬುಕ್ಕನ್ನು ಅವರು ಯಾವಾಗ ತೆಗೆದುಕೊಂಡರೋ ಕೇಳಲಿಲ್ಲ.

ಕಾಸ್ತ್ರೋದಿಂದ ಬಂದ ಮೇಲ್ವಿಚಾರಕರು
ತಡದ ಕಲಮಿನ ಮೇಲೆ ಬೆರಳಿಟ್ಟರು:
ಇದು ಹಾಳಾಗಿದೆಯಲ್ಲ?
ಹೌದು, ಅಂದೆ. ಮೊದಲು ಇವರು ಈ ಕಲಮಿನಲ್ಲೂ ಇರಲಿಲ್ಲ.
ಅವರು ಏನೋ ಗುರುತು ಹಾಕಿಕೊಂಡರು. ಕೊನೆಯ ದೋಣಿಗೆ ಹೊತ್ತಾಗಿತ್ತು.

ಬೀಗ ಈಗ ಫ್ರೆಸಿಯಾಳ ಹಿಟ್ಟಿನ ಪೆಟ್ಟಿಗೆಗೆ.
ಕೀಲಿಯೂ ಅವಳ ಹತ್ತಿರವೇ.

ಉಳಿದವನು ದಾರಿಯೊ ಚಿಗ್ವಾಯ್, ಏಳನೆಯ ತರಗತಿ.
ಉಬ್ಬರವಿರಲಿ, ಇಳಿತವಿರಲಿ, ಚಂದ್ರ ಎಲ್ಲೇ ಇರಲಿ,
ಗುರುವಾರ ಮಾತ್ರ ಬರುತ್ತಾನೆ.
ಗುರುವಾರ ಏನಿದೆ ನಮ್ಮಲ್ಲಿ? ಯಾಸ್ನಾ ಕೇಳಿದಳು.
ಎಲಿಸೆಯೊ ಬಾಯಿ ತೆರೆದರು,
ಮತ್ತೆ ಮುಚ್ಚಿ,
ಪೆನ್ಸಿಲು ಹುಡುಕತೊಡಗಿದರು.