ಕತ್ತಲೆ ಟೆಸ್ಟು

ನಮ್ಮ ಶೆಡ್ಡಿನಲ್ಲಿ ಸೂರ್ಯ ಒಂದು ಪೆಟ್ಟಿಗೆ.
ಮುಂದೊಂದು ಸ್ವಿಚ್ಚು, ಹಿಂದೊಂದು ಫ್ಯಾನು,
ಬೆಳಗ್ಗೆ ಮೊದಲು ಬಂದವರು ಹಚ್ಚಿ
ಬಿಸಿಯಾಗಲು ಇಪ್ಪತ್ತು ನಿಮಿಷ ಬಿಡಬೇಕು.
ಪೀಣ್ಯ ಎರಡನೇ ಹಂತ. ಎಡಕ್ಕೆ ಲೇತು, ಬಲಕ್ಕೆ ಪೌಡರ್ ಕೋಟಿಂಗು,
ನಡುವೆ ಕಿಟಕಿಯಿಲ್ಲದ ನಾವು.

ಬಿಸಿಲು ಬಂದರೆ ಅದರ ಬೆನ್ನ ಮೇಲೆ ಧೂಳೂ ಬರುತ್ತೆ,
ಬಿಸಿಲಿಗಾಗಿ ಮಾಡೋ ವಸ್ತುವಿಗೆ ಬಿಸಿಲೇ ಆಗಲ್ಲ,
ಎಂದಳು ಇಂಜಿನಿಯರ್ ಇಂಚರಾ, ಮೊದಲ ದಿನ,
ತಲೆಗೆ ಬಿಳಿ ಟೋಪಿ ತೊಡಿಸುತ್ತಾ.
ಮಲ್ಲಿಗೆ ತೆಗೆದಿಡಿ ಅಂದಳು. ತೆಗೆದಿಟ್ಟೆ.
ಊಟದ ಡಬ್ಬಿಯ ಮುಚ್ಚಳದಲ್ಲಿ ಸಂಜೆವರೆಗೂ ಕಾದು ಕೂತಿತ್ತು ಹೂ.

ಅದಕ್ಕೆ ಮುಂಚೆ ಹನ್ನೊಂದು ವರ್ಷ ಗಾರ್ಮೆಂಟ್ಸು,
ಗಂಟೆಗೆ ತೊಂಬತ್ತು ಕಾಲರು,
ಯಾರ ಕೊರಳಿಗೋ, ಯಾವ ದೇಶದ ಚಳಿಗೋ.
ಇಲ್ಲಿ ಇಂಟರ್‌ವ್ಯೂನಲ್ಲಿ ಕೇಳಿದ್ದು ಒಂದೇ:
ಚಿಮಟದಲ್ಲಿ ಎಳ್ಳು ಎತ್ತಿ ಬಟ್ಟಲು ಬದಲಿಸು.
ನಲವತ್ತು ಎತ್ತಿದೆ. ಒಂದು ಬಿತ್ತು.
ಬಿದ್ದಿದ್ದನ್ನು ಬಾಯಿಗೆ ಹಾಕಿಕೊಂಡಿದ್ದು ಯಾರೂ ನೋಡಲಿಲ್ಲ.

ಸೆಲ್ಲು ಎಳ್ಳಿಗಿಂತ ತುಸು ದೊಡ್ಡದು,
ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ.
ತಟ್ಟೆಯಗಲದ ಬಿಲ್ಲೆ ಬರುತ್ತೆ, ಗರಗಸ ಕುಯ್ಯುತ್ತೆ,
ನಾನು ಒಂದೊಂದೇ ಎತ್ತಿ ಅಂಟಿನ ಮೇಲೆ ಕೂರಿಸುತ್ತೇನೆ,
ಮುಬೀನಾ ಕೂದಲಿಗಿಂತ ಸಣ್ಣ ಚಿನ್ನದ ತಂತಿ ಹೊಲಿಯುತ್ತಾಳೆ.
ಅವಳ ತಾತ ಜರಿ ಕೆಲಸದವರು,
ಇದೂ ಒಂದು ಚಿನ್ನವಾ ಅಂತ ನಗ್ತಿದ್ದರು ಅನ್ನುತ್ತಾಳೆ.
ಆಮೇಲೆ ಮೇಲೊಂದು ಹನಿ ತಿಳಿ ಎಪಾಕ್ಸಿ, ಒಲೆಯಲ್ಲಿ ಒಂದು ಗಂಟೆ.
ಗುಳ್ಳೆ ಎದ್ದರೆ ರಿಜೆಕ್ಟು.

ಕರೆಂಟು ಹೋದರೆ ಹಿತ್ತಲಲ್ಲಿ ಡೀಸೆಲ್ ಜನರೇಟರು ಕೆಮ್ಮುತ್ತೆ,
ಪೆಟ್ಟಿಗೆಯ ಸೂರ್ಯ ಮುಳುಗಿ ಮತ್ತೆ ಹುಟ್ಟುತ್ತಾನೆ.
ದಿನಕ್ಕೆ ಮೂರು ಸಲ ಬೆಳಗಾಗುತ್ತೆ ನಮಗೆ,
ಸಂಬಳ ಮಾತ್ರ ಒಂದೇ, ಮುಬೀನಾ ಉವಾಚ.

ಕೊನೆಗೆ ಟೆಸ್ಟು ಎರಡು.
ಬೆಳಕಲ್ಲಿ ಎಷ್ಟು ಕೊಡುತ್ತೆ ಅಂತ ಎಲ್ಲರೂ ಕೇಳ್ತಾರೆ,
ಕತ್ತಲಲ್ಲಿ ಎಷ್ಟು ಸೋರುತ್ತೆ ಅನ್ನೋದೇ ಗುಣ.
ಮುಚ್ಚಳ ಹಾಕು, ಹತ್ತರವರೆಗೆ ಎಣಿಸು,
ಅಂಕಿ ಅಲುಗದಿದ್ದರೆ ಪಾಸು.
ನನಗೆ ಗಂಡು ನೋಡಿದವರಿಗೆ ಈ ಟೆಸ್ಟು ಗೊತ್ತಿರಲಿಲ್ಲ.

ಪಾಸಾದವು ರೀಲಿಗೆ, ಮಾತ್ರೆ ಪಟ್ಟಿಯ ಹಾಗೆ ಗುಳಿಗೊಂದು.
ಔಷಧಿ ಪೆಟ್ಟಿಗೆಯ ಬಿಸಿ ನೋಡಲು, ಗೋದಾಮಿನ ಬಾಗಿಲು ಕಾಯಲು,
ಬ್ಯಾಟರಿ ಬದಲಿಸೋರಿಲ್ಲದ ಮೂಲೆಗಳಿಗೆ.
ಟ್ಯೂಬ್‌ಲೈಟಿನ ಎಂಜಲು ಬೆಳಕು ತಿಂದು ಬದುಕಬೇಕು.
ಡಬ್ಬದ ಮೇಲೆ ದೇಶದ ಹೆಸರು ದಪ್ಪಕ್ಷರದಲ್ಲಿರುತ್ತೆ.
ಕೈಯ ಹೆಸರು ಇರಲ್ಲ.

ಹೋದ ತಿಂಗಳು ಲಗ್ಗೆರೆಯ ನಮ್ಮ ವಠಾರಕ್ಕೆ
ಓನರು ಹೊನ್ನಗಂಗಪ್ಪ ಹೊಸ ನೀರಿನ ಮೀಟರು ಹಾಕಿಸಿದರು,
ಮನೆಗೊಂದು, ಮೆಟ್ಟಿಲ ಕೆಳಗೆ, ಸಾಲಾಗಿ ಆರು.
ಇನ್ಮೇಲೆ ನಿಮ್ಮ ಬಿಂದಿಗೆ ಲೆಕ್ಕ ಸೀದಾ ನನ್ನ ಫೋನಿಗೆ ಕಣಮ್ಮ,
ಟ್ಯಾಂಕರಿನವನೇನು ನನ್ನ ಅಳಿಯನಾ?
ಬಗ್ಗಿ ನೋಡಿದೆ. ಮೂರನೆಯದು ನಮ್ಮದು.
ಗಾಜಿನ ಹಿಂದೆ ನೇರಳೆ ನಾಲಿಗೆ,
ಅಂಟು ಎಡಕ್ಕೆ ಚೂರು ಜಾಸ್ತಿ.
ಅದು ನನ್ನ ಕೈ.
ಎಡಕ್ಕೆ ಬೀಳುತ್ತೆ ಎಡಕ್ಕೆ ಬೀಳುತ್ತೆ ಅಂತ
ಬೈದು ಬೈದು ಬಿಟ್ಟಿದ್ದಾಳೆ ಇಂಚರಾ.

ಆ ರಾತ್ರಿ ಒಗೆಯೋ ಬಟ್ಟೆ ಒಂದು ರಾಶಿ ಇತ್ತು.
ನನಗೆ ಗೊತ್ತು ಎಷ್ಟು ಬೆಳಕಿಗೆ ಎಷ್ಟು ದಿನ ಅಂತ.
ಒಂದು ತುಂಡು ಕರಿ ಟೇಪು, ನಾಲ್ಕು ದಿನ ಉಪವಾಸ,
ಮೀಟರು ಮೂಕ.
ಟೇಪು ಚೀಲದಲ್ಲೇ ಇತ್ತು.

ನಲ್ಲಿ ಬಿಟ್ಟು ಬಂದು ಅದರ ಮೇಲೆ ಹೆಬ್ಬೆರಳಿಟ್ಟೆ.
ಇದರ ಗ್ರಹಣಕ್ಕೆ ರಾಹುವೇನೂ ಬೇಡ.
ಒಂದು, ಎರಡು, ಮೂರು,
ಮೇಲಿನ ಮನೆಯಲ್ಲಿ ಕುಕ್ಕರು ಕೂಗಿತು,
ಏಳು, ಎಂಟು.
ಹತ್ತಕ್ಕೆ ಬೆರಳು ತೆಗೆದೆ.
ಕತ್ತಲಲ್ಲೂ ನನ್ನ ನೀರನ್ನು ಎಣಿಸುತ್ತಲೇ ಇತ್ತು,
ಒಂದು ತೊಟ್ಟು ಲೆಕ್ಕ ತಪ್ಪದೆ.

ಪಾಸು, ಅಂದೆ, ಬೆಂಚಿನ ಮುಂದೆ ಅನ್ನುವ ಹಾಗೇ,
ಹೋಗಿ ತುಂಬಿದ ಬಕೆಟ್ಟು ಎತ್ತಿಕೊಂಡೆ.
ಟೇಪು ಇನ್ನೂ ಚೀಲದಲ್ಲಿದೆ.